ಬ್ರಹ್ಮಗಿರಿ ಬಂಡೆ, ಅಶೋಕನ ಧರ್ಮ, ಅಶೋಕನ ನ್ಯಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ವಕೀಲರ ಹತ್ರ ಗುಮಾಸ್ತ, 22 ವರ್ಷ ಆಯ್ತು ಈ ಕೆಲ್ಸಕ್ಕೆ ಸೇರಿ, ಹುಟ್ಟಿದ್ದು ಮಾತ್ರ ಚಳ್ಳಕೆರೆ ಕಡೆ ಹಳ್ಳಿ. ವರ್ಷಕ್ಕೊಂದ್ಸಲ ದೀಪಾವಳಿ ಕಳೆದ್ಮೇಲೆ ಬಿಸ್ಲು ಕಮ್ಮಿ ಇರೋವಾಗ ಗೊತ್ತಿರೋ ಜನನ್ನ, ಅವ್ರ ಮಕ್ಕಳನ್ನ ಕರ್ಕೊಂಡು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಅಶೋಕನ ಶಾಸನ ತೋರಿಸ್ಕೊಂಡು ಬರ್ತೀನಿ. ಹೋಗಿ ಬಂದ್ಮೇಲೆ ವಾಟ್ಸಾಪಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರ್ತಾವೆ, ಅದಕ್ಕೆ ಒಂದೇ ಕಡೆ ಬರೆದು ಹಾಕೋಣ ಅಂತ ಕೂತೆ. ನಾನು ಇತಿಹಾಸ ಮೇಷ್ಟ್ರಲ್ಲ, ಆದ್ರೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಬದುಕಿದೋನು, ಆ ಕಣ್ಣಲ್ಲಿ ಓದಿದ್ದನ್ನ ಹೇಳ್ತೀನಿ.

ಈ ಶಾಸನ ಎಲ್ಲಿದೆ, ಎಷ್ಟಿದಾವೆ?

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಮೂರಿದಾವೆ, ಮೂರೂ ಮೊಳಕಾಲ್ಮೂರು ತಾಲ್ಲೂಕಲ್ಲಿ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ಬಿ.ಎಲ್. ರೈಸ್ ಅವ್ರು ಇವನ್ನ ಬೆಳಕಿಗೆ ತಂದ್ರು, ಬಿ.ಎಲ್. ರೈಸ್ ಅಂದ್ರೆ ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ಪುಣ್ಯಾತ್ಮರು. ಅದಕ್ಕೂ ಮುಂಚೆ ಊರವ್ರಿಗೆ ಬಂಡೆ ಗೊತ್ತಿರ್ಲಿಲ್ಲ ಅಂತಲ್ಲ, ಬ್ರಹ್ಮಗಿರಿ ಬಂಡೆಗೆ ಅಕ್ಷರಗುಂಡು ಅಂತ್ಲೇ ಹೆಸರಿತ್ತು, ಏನ್ ಅಕ್ಷರ ಅಂತ ಓದೋರು ಇರ್ಲಿಲ್ಲ ಅಷ್ಟೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಬ್ರಾಹ್ಮಿ ಓದೋಕೆ ದಾರಿ ಮಾಡ್ಕೊಟ್ಟೋರು ಜೇಮ್ಸ್ ಪ್ರಿನ್ಸೆಪ್, 1837ರಲ್ಲಿ. ಜಟಿಂಗ ರಾಮೇಶ್ವರದ ಶಾಸನ ಬೆಟ್ಟದ ಮೇಲೆ ದೇವಸ್ಥಾನದ ಹತ್ರ ಐತೆ, ಬಹಳ ಸವೆದು ಹೋಗೈತೆ.

ಅದ್ರಲ್ಲಿ ಏನು ಬರೆದಿದಾನೆ?

ಮೊದ್ಲು ಒಂದು ಸರ್ಕಾರಿ ಪತ್ರದ ಥರ ಶುರುವಾಗುತ್ತೆ. ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿಯಿಂದ ಆರ್ಯಪುತ್ರ, ಅಂದ್ರೆ ಅಲ್ಲಿ ಆಳ್ತಿದ್ದ ರಾಜಕುಮಾರ, ಮತ್ತೆ ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ತಿಳಿಸೋದು ಏನಂದ್ರೆ, ಅಂತ. ಮಹಾಮಾತ್ರ ಅಂದ್ರೆ ದೊಡ್ಡ ಅಧಿಕಾರಿ. ಇಸಿಲ ಅಂದ್ರೆ ಬ್ರಹ್ಮಗಿರಿ ಬುಡದಲ್ಲಿದ್ದ ಊರು ಅಂತ ಹೆಚ್ಚಿನವ್ರು ಒಪ್ತಾರೆ. ಆಮೇಲೆ ರಾಜನ ಮಾತು ಬರುತ್ತೆ. ನಾನು ಉಪಾಸಕ (ಮನೇಲಿದ್ದೇ ಬುದ್ಧನ ದಾರಿ ಹಿಡಿದೋನು) ಆಗಿ ಎರಡೂವರೆ ವರ್ಷ ದಾಟ್ತು, ಮೊದಲ ಒಂದು ವರ್ಷ ಅಂಥಾ ಶ್ರದ್ಧೆ ತೋರಿಸ್ಲಿಲ್ಲ, ಬೌದ್ಧ ಭಿಕ್ಷುಗಳ ಸಂಘದ ಹತ್ರ ಹೋದ್ಮೇಲೆ ಒಂದು ವರ್ಷದಿಂದ ಚೆನ್ನಾಗಿ ದುಡಿದಿದೀನಿ, ಅಂತಾನೆ. ಒಬ್ಬ ಚಕ್ರವರ್ತಿ ತನ್ನ ಅಧಿಕಾರಿಗಳಿಗೆ ಕಳ್ಸೋ ಆದೇಶದಲ್ಲಿ ಮೊದಲ ವರ್ಷ ನಾನು ಸರಿಯಾಗಿ ಮಾಡ್ಲಿಲ್ಲ ಅಂತ ಬಂಡೆ ಮೇಲೆ ಕೆತ್ತಿಸೋದು ಸಣ್ಣ ವಿಷ್ಯ ಅಲ್ಲ ಕಣ್ರಿ. ನನ್ನ ಟೇಬಲ್ ಮೇಲೆ ಎಷ್ಟೋ ಆದೇಶಗಳು ಬಂದು ಹೋಗಿದಾವೆ, ಹೊರಡಿಸಿದೋರು ತಮ್ಮ ತಪ್ಪನ್ನ ತಾವೇ ಬರ್ಕೊಂಡಿದ್ದು ಒಂದ್ರಲ್ಲೂ ಕಂಡಿಲ್ಲ.

ಮುಂದೆ ಹೇಳ್ತಾನೆ, ಶ್ರದ್ಧೆಯ ಫಲ ದೊಡ್ಡೋರಿಗೆ ಮಾತ್ರ ಸಿಗೋದಲ್ಲ, ಸಣ್ಣೋನು ಕೂಡ ದುಡಿದ್ರೆ ಸ್ವರ್ಗ ಪಡೀಬಹುದು ಅಂತ. ಕೊನೆ ಭಾಗ ನಮ್ಮ ಅಜ್ಜಿ ಹೇಳ್ಕೊಡ್ತಿದ್ದ ಹಂಗೇ ಐತೆ: ತಂದೆ ತಾಯಿ ಮಾತು ಕೇಳ್ಬೇಕು, ಪ್ರಾಣಿಗಳ ಬಗ್ಗೆ ಗೌರವ ಗಟ್ಟಿಯಾಗಿರ್ಬೇಕು, ಸತ್ಯ ಹೇಳ್ಬೇಕು, ಶಿಷ್ಯ ಗುರುವನ್ನ ಗೌರವಿಸ್ಬೇಕು, ನೆಂಟರಿಷ್ಟರ ಜೊತೆ ಸರಿಯಾಗಿ ನಡ್ಕೋಬೇಕು. ಇದು ಹಳೇ ಕಾಲದಿಂದ ಬಂದಿದ್ದು, ಇದ್ರಿಂದ ಆಯಸ್ಸು ಹೆಚ್ಚುತ್ತೆ, ಅಂತಾನೆ.

ಅಶೋಕ ನಮ್ಮ ಕಡೆ ಬಂದಿದ್ನಾ?

ಬಂದಿದ್ದ ಅಂತ ಶಾಸನ ಎಲ್ಲೂ ಹೇಳಲ್ಲ. 256 ಅಂತ ಒಂದು ಅಂಕಿ ಐತೆ, ಪ್ರವಾಸದಲ್ಲಿ 256 ರಾತ್ರಿ ಕಳೆದಾಗ ಈ ಘೋಷಣೆ ಮಾಡಿದ್ದು ಅಂತ ಬಹಳ ವಿದ್ವಾಂಸರು ಅರ್ಥ ಮಾಡ್ತಾರೆ. ನಮ್ಮಲ್ಲಿಗೆ ಬಂದಿದ್ದು ಮಾತ್ರ ಅವನ ಮಾತು, ಅದೂ ಸುವರ್ಣಗಿರಿ ಕಚೇರಿ ಮೂಲಕ.

ಬಂಡೆ ಮೇಲೆ ತಂದೆ ತಾಯಿ ಮಾತು ಕೇಳಿ ಅಂತ ಐತೆ ಅಷ್ಟೆ, ಕೋರ್ಟು ಕಾನೂನು ಎಲ್ಲಿಂದ ಬಂತು? ನೀವು ಸೇರಿಸಿ ಹೇಳ್ತಿದೀರಾ?

ಇದು ಅತೀ ಜಾಸ್ತಿ ಬರೋ ಪ್ರಶ್ನೆ, ಕೇಳೋರು ಕೇಳೋದು ಸರಿನೇ. ನಮ್ಮ ಮೂರು ಬಂಡೆ ಮೇಲೂ ನ್ಯಾಯ ತೀರ್ಮಾನದ ಬಗ್ಗೆ ಒಂದಕ್ಷರ ಇಲ್ಲ. ಆದ್ರೆ ಅಶೋಕ ಒಂದೇ ಕಡೆ ಎಲ್ಲಾ ಹೇಳಿದೋನಲ್ಲ, ಬೇರೆ ಬೇರೆ ವರ್ಷ ಬೇರೆ ಬೇರೆ ಕಡೆ ಬರೆಸ್ತಾ ಹೋದ. ಬ್ರಹ್ಮಗಿರಿಯದ್ದು ಅವನ ಆರಂಭದ ಮಾತು, ಆಗಿನ್ನೂ ಧರ್ಮ ಅಂದ್ರೆ ಮನೇಲಿ ಹೆಂಗಿರ್ಬೇಕು ಅನ್ನೋದು. ಆಮೇಲೆ ಅದೇ ಧರ್ಮ ಅಧಿಕಾರಿ ಹೆಂಗಿರ್ಬೇಕು, ಜೈಲು ಹೆಂಗಿರ್ಬೇಕು, ಮರಣದಂಡನೆ ಕೊಟ್ಟೋನ ಜೊತೆ ಹೆಂಗೆ ನಡ್ಕೋಬೇಕು ಅನ್ನೋವರ್ಗೂ ಬೆಳೀತು. ಈ ಬೆಳೆಯೋದನ್ನ ನೋಡ್ದೇ ಬ್ರಹ್ಮಗಿರಿ ಒಂದನ್ನೇ ಓದಿದ್ರೆ ಅಶೋಕ ಬರೀ ನೀತಿ ಹೇಳೋ ರಾಜ ಅನ್ಸಿಬಿಡುತ್ತೆ.

ಇನ್ನೊಂದು ಮಾತು, ನ್ಯಾಯದ ಶಾಸನ ಕರ್ನಾಟಕದಲ್ಲೂ ಐತೆ. ಕಲಬುರಗಿ ಜಿಲ್ಲೆ ಸನ್ನತಿಯಲ್ಲಿ, ಚಂದ್ರಲಾಂಬ ದೇವಸ್ಥಾನದ ಆವರಣದ ಗುಡಿಯೊಂದ್ರಲ್ಲಿ ದೇವರ ಪೀಠವಾಗಿ ಬಳ್ಸಿದ್ದ ಒಂದು ಕಲ್ಲು ಸಿಕ್ತು, 1980ರ ದಶಕದ ಕೊನೆಗೆ. ಅದ್ರ ಎರಡೂ ಕಡೆ ಅಶೋಕನ ಶಾಸನ. ಅದ್ರಲ್ಲಿ ಅಧಿಕಾರಿಗಳಿಗೆ ನ್ಯಾಯ ಹೆಂಗೆ ಮಾಡ್ಬೇಕು ಅಂತ ಹೇಳೋ ಪ್ರತ್ಯೇಕ ಶಾಸನಗಳೂ ಇದಾವೆ. ಅಲ್ಲೀವರ್ಗೂ ಆ ಎರಡು ಶಾಸನ ಒಡಿಶಾದ ಧೌಲಿ, ಜೌಗಡದಲ್ಲಿ ಮಾತ್ರ ಗೊತ್ತಿದ್ವು.

ಆ ಪ್ರತ್ಯೇಕ ಶಾಸನದಲ್ಲಿ ಏನಿದೆ?

ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ನನಗೆ ಅಶೋಕ ಹತ್ರ ಆಗಿದ್ದೇ ಇದ್ರಿಂದ.

ಕಳಿಂಗ ಯುದ್ಧ ಎಲ್ರಿಗೂ ಗೊತ್ತು. ಪಟ್ಟಾಭಿಷೇಕ ಆಗಿ 8 ವರ್ಷಕ್ಕೆ ಕಳಿಂಗ ಗೆದ್ದ, ಒಂದೂವರೆ ಲಕ್ಷ ಜನನ್ನ ಅಲ್ಲಿಂದ ಸಾಗಿಸಿದ್ರು, ಒಂದು ಲಕ್ಷ ಜನ ಹತರಾದ್ರು, ಅದ್ರ ಎಷ್ಟೋ ಪಟ್ಟು ಜನ ಸತ್ರು ಅಂತ ಅವನೇ 13ನೇ ಬಂಡೆ ಶಾಸನದಲ್ಲಿ (ಬೇರೆ ಬೇರೆ ಕಡೆ ಕೆತ್ತಿಸಿದ 14 ದೊಡ್ಡ ಶಾಸನಗಳ ಸಾಲಲ್ಲಿ 13ನೇದು) ಬರೆಸಿದಾನೆ, ಪಶ್ಚಾತ್ತಾಪನೂ ಬರೆಸಿದಾನೆ. ಆದ್ರೆ ಆ ಪಶ್ಚಾತ್ತಾಪದ ಶಾಸನವನ್ನ ಕಳಿಂಗದಲ್ಲೇ ಹಾಕಿಸ್ಲಿಲ್ಲ. ಧೌಲಿ, ಜೌಗಡ ಎರಡೂ ಕಳಿಂಗದಲ್ಲಿದಾವೆ, ಅಲ್ಲಿ 11, 12, 13 ಬಿಟ್ಟು ಅವುಗಳ ಜಾಗಕ್ಕೆ ಈ ಪ್ರತ್ಯೇಕ ಶಾಸನಗಳು. ರಾಜಕೀಯ ಎಚ್ಚರಿಕೆ ಅಂತ ಕೆಲವ್ರು ಹೇಳ್ತಾರೆ, ಇರ್ಬಹುದು. ನನಗೆ ಕಾಣೋದು ಬೇರೆ. ಪೆಟ್ಟು ತಿಂದ ಜನಕ್ಕೆ ರಾಜ ಅಳೋದು ಬೇಕಿರಲ್ಲ, ನಾಳೆ ಬೆಳಿಗ್ಗೆ ತಮ್ಮೂರಿನ ಅಧಿಕಾರಿ ಸುಮ್ಮಸುಮ್ನೆ ಹಿಡಿದು ಒಳಗೆ ಹಾಕ್ದೇ ಇದ್ರೆ ಸಾಕಾಗಿರುತ್ತೆ. ಅವ್ರಿಗೆ ಬೇಕಾಗಿದ್ದನ್ನೇ ಅಲ್ಲಿ ಬರೆಸಿದಾನೆ.

ಧೌಲಿ ಹತ್ರದ ತೋಸಲಿ ಊರಿನ ನ್ಯಾಯ ನೋಡ್ಕೊಳ್ಳೋ ಅಧಿಕಾರಿಗಳಿಗೆ ಹೇಳ್ತಾನೆ: ಎಲ್ಲಾ ಮನುಷ್ಯರೂ ನನ್ನ ಮಕ್ಕಳು. ನನ್ನ ಮಕ್ಕಳಿಗೆ ಇಲ್ಲೂ ಪರಲೋಕದಲ್ಲೂ ಏನ್ ಒಳ್ಳೇದ್ ಬಯಸ್ತೀನೋ ಎಲ್ರಿಗೂ ಅದನ್ನೇ ಬಯಸ್ತೀನಿ. ಆದ್ರೆ ಈ ಮಾತು ಎಲ್ಲೀವರ್ಗೂ ಹೋಗುತ್ತೆ ಅಂತ ನಿಮಗೆ ತಿಳಿದಿಲ್ಲ, ಯಾರೋ ಒಬ್ರಿಗೆ ತಿಳಿದ್ರೂ ಅರ್ಧ ತಿಳಿದಿರುತ್ತೆ, ಪೂರ್ತಿ ಅಲ್ಲ. ಒಬ್ಬ ಮನುಷ್ಯನಿಗೆ ಕಾರಣ ಇಲ್ದೇ ಸೆರೆವಾಸ ಆಗುತ್ತೆ, ಹಿಂಸೆ ಆಗುತ್ತೆ, ಅವನ ಜೊತೆ ಇನ್ನೂ ಬಹಳ ಜನ ನೋಯ್ತಾರೆ. ಹಂಗಾಗಿ ನೀವು ಮಧ್ಯಸ್ಥವಾಗಿ, ಪಕ್ಷಪಾತ ಇಲ್ದೇ ನಡ್ಕೋಬೇಕು.

ಆಮೇಲೆ ಏಳು ದೋಷಗಳ ಹೆಸರು ಹೇಳ್ತಾನೆ, ಇವು ಇದ್ರೆ ನ್ಯಾಯ ಆಗಲ್ಲ ಅಂತ: ಅಸೂಯೆ, ಥಟ್ಟನೆ ಬರೋ ಸಿಟ್ಟು, ನಿಷ್ಠುರತೆ, ಅವಸರ, ಅಭ್ಯಾಸ ಇಲ್ದೇ ಇರೋದು, ಸೋಮಾರಿತನ, ದಣಿವು.

ಈ ಪಟ್ಟಿಯಲ್ಲಿ ಲಂಚ ಇಲ್ಲ, ನೋಡ್ರಿ. ಮೊದ್ಲು ಓದಿದಾಗ ನನಗೆ ಇದು ಆಶ್ಚರ್ಯ ಆಗಿತ್ತು, ನಮ್ಮ ಜನಕ್ಕೆ ಅನ್ಯಾಯ ಅಂದ್ರೆ ಮೊದ್ಲು ಬಾಯಿಗೆ ಬರೋದು ಲಂಚನೇ. ಆದ್ರೆ 22 ವರ್ಷ ಕೇಸ್ ಕಟ್ಟು ಹಿಡ್ಕೊಂಡು ಓಡಾಡಿದ ಮೇಲೆ ಹೇಳ್ತೀನಿ, ಬಡವನಿಗೆ ಆಗೋ ಅನ್ಯಾಯ ಬಹಳಷ್ಟು ಸಲ ಈ ಏಳರಲ್ಲೇ ಇರುತ್ತೆ. ನಮ್ಮೂರಿನ ಒಬ್ಬ ಹುಡುಗ, ಕುರಿ ಕಳ್ಳತನದ ಕೇಸಲ್ಲಿ ಒಳಗೆ ಹೋದ, ಜಾಮೀನು ಮಂಜೂರಾಯ್ತು, ಆದ್ರೆ ಶ್ಯೂರಿಟಿ ಕೊಡೋಕೆ ಪಹಣಿ ಇರೋರು ಯಾರೂ ಬರ್ಲಿಲ್ಲ. ಕಾಗದ ಒಂದು ಟೇಬಲಿಂದ ಇನ್ನೊಂದು ಟೇಬಲಿಗೆ ಹೋಗೋದ್ರೊಳಗೆ ಐದು ತಿಂಗಳು. ಯಾರೂ ಅವನ ಹತ್ರ ದುಡ್ಡು ಕೇಳ್ಲಿಲ್ಲ, ಯಾರಿಗೂ ಅವನ ಮೇಲೆ ದ್ವೇಷ ಇರ್ಲಿಲ್ಲ. ಯಾರಿಗೋ ಸುಸ್ತು, ಯಾರಿಗೋ ಅವಸರ, ಯಾರೋ ಇವತ್ತು ಬೇಡ ನಾಳೆ ಅಂದ್ರು. ಅಷ್ಟೊತ್ತಿಗೆ ಅವನ ತಾಯಿ ಕುರಿಗಳನ್ನೆಲ್ಲ ಮಾರ್ಕೊಂಡಿದ್ರು, ತಂಗಿ ಮದುವೆ ನಿಂತೋಗಿತ್ತು. ಕೊನೆಗೆ ಕೇಸಲ್ಲಿ ಅವನದ್ದೇನೂ ತಪ್ಪಿಲ್ಲ ಅಂತ ಬಿಡುಗಡೆ ಆಯ್ತು. ಒಬ್ಬ ಒಳಗಿದ್ರೆ ಇನ್ನೂ ಬಹಳ ಜನ ನೋಯ್ತಾರೆ ಅಂತ ಅಶೋಕ ಹೇಳಿದ್ದು ಓದಿದಾಗ ನನಗೆ ಆ ತಾಯಿ ಮುಖನೇ ಕಣ್ಮುಂದೆ ಬಂತು.

ದಣಿವನ್ನ ದೋಷ ಅಂತ ಎಣಿಸಿದ್ದು ನನಗೆ ಬಹಳ ದೊಡ್ಡದು ಅನ್ಸುತ್ತೆ. ದಣಿವಾಗೋದು ತಪ್ಪಲ್ಲ, ಆದ್ರೆ ದಣಿದವನ ಕೈಲಿ ಇನ್ನೊಬ್ಬನ ಜೀವ ಐತೆ ಅನ್ನೋದು ರಾಜನಿಗೆ ಗೊತ್ತಿತ್ತು. ಆಲಸ್ಯ ಬಂದೋನು ಎದ್ದು ನಡೀಬೇಕು, ಮುಂದೆ ಸಾಗ್ಬೇಕು ಅಂತಾನೆ.

ಹೇಳೋದು ಯಾರ್ ಬೇಕಾದ್ರೂ ಹೇಳ್ತಾರೆ, ಅಧಿಕಾರಿಗಳು ಕೇಳ್ಬೇಕಲ್ಲ?

ಅದಕ್ಕೂ ಏರ್ಪಾಟು ಮಾಡಿದ್ದ. ಒಂದು, ಈ ಶಾಸನವನ್ನ ತಿಷ್ಯ ನಕ್ಷತ್ರದ ದಿನ ಓದಿ ಕೇಳಿಸ್ಬೇಕು, ನಡುವೆ ಒಬ್ನೇ ಒಬ್ಬ ಇದ್ರೂ ಓದಿ ಕೇಳಿಸ್ಬಹುದು. ತಿಷ್ಯ ಅಂದ್ರೆ ನಮ್ಮ ಪುಷ್ಯ. ಯೋಚ್ನೆ ಮಾಡಿ, ಅಧಿಕಾರಿಗೆ ಕೊಟ್ಟ ಆದೇಶ ಜನಕ್ಕೂ ಕೇಳುತ್ತೆ, ಅಧಿಕಾರಿ ಹೆಂಗಿರ್ಬೇಕು ಅಂತ ರಾಜ ಹೇಳಿದಾನೆ ಅಂತ ಜನಕ್ಕೆ ಗೊತ್ತಿರುತ್ತೆ. ಎರಡು, ಐದು ವರ್ಷಕ್ಕೊಮ್ಮೆ ಕಠಿಣ ಅಲ್ಲದ, ಸೌಮ್ಯವಾಗಿ ನಡ್ಕೊಳ್ಳೋ ಒಬ್ಬ ಅಧಿಕಾರಿಯನ್ನ ತಪಾಸಣೆಗೆ ಕಳಿಸ್ತೀನಿ ಅಂತಾನೆ. ಉಜ್ಜಯಿನಿ, ತಕ್ಷಶಿಲೆಯಿಂದ ಮೂರು ವರ್ಷ ಮೀರದ ಹಾಗೆ.

ತನ್ನನ್ನೂ ಬಿಟ್ಕೊಂಡಿಲ್ಲ. 6ನೇ ಬಂಡೆ ಶಾಸನದಲ್ಲಿ, ನಾನು ಊಟಕ್ಕೆ ಕೂತಿರ್ಲಿ, ಅಂತಃಪುರದಲ್ಲಿರ್ಲಿ, ಮಲಗೋ ಕೋಣೆಲಿರ್ಲಿ, ತೋಟದಲ್ಲಿರ್ಲಿ, ಜನರ ವಿಷಯ ಬಂದ್ರೆ ಆಗ್ಲೇ ತಿಳಿಸಿ ಅಂತಾನೆ. ಜೀವಿಗಳಿಗೆ ನನ್ನ ಸಾಲ ಐತೆ, ತೀರಿಸ್ಬೇಕು ಅನ್ನೋ ಮಾತೂ ಅಲ್ಲೇ ಬರುತ್ತೆ.

ಅಶೋಕ ಮರಣದಂಡನೆ ತೆಗೆದುಹಾಕಿದ್ನಂತೆ, ನಿಜಾನಾ?

ಇಲ್ಲ. ಬಹಳ ಜನ ಭಾಷಣದಲ್ಲಿ ಹಂಗೆ ಹೇಳ್ತಾರೆ, ಅದು ತಪ್ಪು. ಪಟ್ಟಾಭಿಷೇಕ ಆಗಿ 26 ವರ್ಷ ಆದ್ಮೇಲೆ ಬರೆಸಿದ 4ನೇ ಸ್ತಂಭ ಶಾಸನದಲ್ಲಿ ಮರಣದಂಡನೆ ಇನ್ನೂ ಐತೆ. ಅವನು ಮಾಡಿದ್ದು ಏನಂದ್ರೆ, ಸಾವಿನ ಶಿಕ್ಷೆ ತೀರ್ಮಾನ ಆದ ಕೈದಿಗೆ ಮೂರು ದಿನ ಬಿಡುವು. ಆ ಮೂರು ದಿನದಲ್ಲಿ ನೆಂಟರು ಅಧಿಕಾರಿಗಳ ಹತ್ರ ಹೋಗಿ ಜೀವ ಉಳಿಸಿ ಅಂತ ಕೇಳ್ಕೋಬಹುದು. ಯಾರೂ ಇಲ್ಲ ಅಂದ್ರೆ ಕೈದಿ ಪರಲೋಕಕ್ಕೆ ಅಂತ ದಾನ ಮಾಡ್ಬಹುದು, ಉಪವಾಸ ಇರ್ಬಹುದು.

ಮೂರು ದಿನ ಏನ್ ಮಹಾ ಅಂತ ಒಬ್ರು ಕೇಳಿದ್ರು. ಮೇಲ್ಮನವಿ ಅನ್ನೋ ಪದನೇ ಇಲ್ದಿರೋ ಕಾಲದಲ್ಲಿ ಕಟುಕನ ಕತ್ತಿಗೂ ತೀರ್ಪಿಗೂ ನಡುವೆ ಮೂರು ದಿನ ಅಂದ್ರೆ, ತೀರ್ಪು ತಪ್ಪಾಗಿರ್ಬಹುದು ಅಂತ ರಾಜನೇ ಒಪ್ಕೊಂಡ ಹಾಗೆ. ಅವಸರ ಒಂದು ದೋಷ ಅಂತ ಮೊದ್ಲು ಬರೆಸಿದೋನು ಆಮೇಲೆ ಅವಸರಕ್ಕೆ ಅಡ್ಡ ಒಂದು ಬಾಗಿಲು ಇಟ್ಟ. ಅವನು ಇನ್ನೂ ಮುಂದೆ ಹೋಗ್ಬೇಕಿತ್ತು ಅಂತ ನನಗೂ ಅನ್ಸುತ್ತೆ, ಆದ್ರೆ ಇಟ್ಟ ಹೆಜ್ಜೆನ ಇಲ್ಲ ಅನ್ನೋಕಾಗಲ್ಲ.

ಜೈಲಿನ ಬಗ್ಗೆ ಇನ್ನೂ ಎರಡು ಮಾತು. ಪಟ್ಟಾಭಿಷೇಕ ಆಗಿ 13 ವರ್ಷ ಆದಾಗ ಧರ್ಮ ಮಹಾಮಾತ್ರರು ಅಂತ ಹೊಸ ಅಧಿಕಾರಿಗಳನ್ನ ನೇಮಿಸಿದ, ಮುಂಚೆ ಅಂಥವ್ರು ಇರ್ಲಿಲ್ಲ ಅಂತ ಅವನೇ ಹೇಳ್ತಾನೆ. ಅವ್ರ ಕೆಲ್ಸದಲ್ಲಿ ಕೈದಿಗಳ ಕ್ಷೇಮ ನೋಡೋದೂ ಒಂದು: ಇವನಿಗೆ ಸಾಕೋ ಮಕ್ಕಳಿದಾರೆ, ಇವನಿಗೆ ವಯಸ್ಸಾಗಿದೆ, ಅಂಥವ್ರನ್ನ ಬಿಡಿಸೋದು. ಆಮೇಲೆ 26 ವರ್ಷದಲ್ಲಿ 25 ಸಲ ಸೆರೆಯಾಳುಗಳ ಬಿಡುಗಡೆ ಆಗಿದೆ ಅಂತ 5ನೇ ಸ್ತಂಭ ಶಾಸನದಲ್ಲಿ ಐತೆ.

ದಂಡ ಸಮತಾ ಅಂದ್ರೆ ಎಲ್ಲಾ ಜಾತಿಗೂ ಒಂದೇ ಶಿಕ್ಷೆ ಅಂತಾನಾ?

4ನೇ ಸ್ತಂಭ ಶಾಸನದಲ್ಲೇ ಆ ಮಾತು ಬರೋದು, ವ್ಯವಹಾರ ಸಮತಾ, ದಂಡ ಸಮತಾ. ವ್ಯವಹಾರ ಅಂದ್ರೆ ಇಲ್ಲಿ ವಿಚಾರಣೆ, ದಂಡ ಅಂದ್ರೆ ಶಿಕ್ಷೆ, ಎರಡರಲ್ಲೂ ಸಮಾನತೆ ಇರ್ಬೇಕು. ಲಕ್ಷಾಂತರ ಜನರ ಮೇಲೆ ಅಧಿಕಾರ ಇದ್ದ ರಜ್ಜುಕರಿಗೆ ಹೇಳಿದ್ದು ಇದು. ರಜ್ಜು ಅಂದ್ರೆ ಹಗ್ಗ, ಜಮೀನು ಅಳೆಯೋ ಹಗ್ಗದಿಂದ ಆ ಹೆಸರು ಬಂತು ಅಂತಾರೆ, ನಮ್ಮ ಸರ್ವೇಯವ್ರ ಹಿರೀಕರು ಅನ್ಕೊಳ್ಳಿ. ಮಗುನ ನುರಿತ ದಾದಿ ಕೈಗೆ ಕೊಟ್ಟು ತಾಯಿ ನೆಮ್ಮದಿಯಾಗಿರೋ ಹಾಗೆ ಜನನ್ನ ಇವ್ರ ಕೈಗೆ ಕೊಟ್ಟಿದೀನಿ ಅಂತಾನೆ.

ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯ ಇದಾವೆ. ವರ್ಣ ನೋಡಿ ಶಿಕ್ಷೆ ಹೆಚ್ಚು ಕಮ್ಮಿ ಮಾಡೋ ಪದ್ಧತಿ ಬಿಟ್ಟು ಎಲ್ರಿಗೂ ಒಂದೇ ಅಂತ ಕೆಲವ್ರು ಓದ್ತಾರೆ. ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಥರ ಇದ್ದಿದ್ದನ್ನ ಒಂದೇ ಕ್ರಮಕ್ಕೆ ತಂದ, ಅಷ್ಟೇ ಅಂತ ಇನ್ನು ಕೆಲವ್ರು. ನಾನು ಮೊದಲನೇದು ಇರ್ಲಿ ಅಂತ ಆಸೆ ಪಡ್ತೀನಿ, ಆದ್ರೆ ಆಸೆಯನ್ನ ಪುರಾವೆ ಅನ್ನೋಕಾಗಲ್ಲ. ಎರಡನೇ ಅರ್ಥ ತಗೊಂಡ್ರೂ ಅದು ಸಣ್ಣದಲ್ಲ, ಒಂದೇ ತಪ್ಪಿಗೆ ಒಂದು ಊರಲ್ಲಿ ದಂಡ, ಪಕ್ಕದ ಊರಲ್ಲಿ ಜೈಲು ಆಗೋದು ಅನುಭವಿಸಿದೋರಿಗೆ ಗೊತ್ತು.

ಧರ್ಮ ಸುಧಾರಣೆ ಅಂದ್ರೆ ಎಲ್ರನ್ನೂ ಬೌದ್ಧರನ್ನಾಗಿ ಮಾಡಿದ್ನಾ?

ಅವನು ಸ್ವತಃ ಬೌದ್ಧ ಉಪಾಸಕ, ಅದ್ರಲ್ಲಿ ಸಂಶಯ ಇಲ್ಲ. ಆದ್ರೆ ಜನಕ್ಕೆ ಹೇಳಿದ ಧರ್ಮದಲ್ಲಿ ಬೌದ್ಧ ತತ್ವದ ಪಾಠ ಇಲ್ಲ. ಎಲ್ಲಾ ಪಂಥದವ್ರೂ ಎಲ್ಲಾ ಕಡೆ ವಾಸ ಮಾಡ್ಲಿ ಅಂತ 7ನೇ ಬಂಡೆ ಶಾಸನ. 12ನೇ ಶಾಸನದಲ್ಲಿ ಇನ್ನೂ ಬಿಡಿಸಿ ಹೇಳ್ತಾನೆ: ಮಾತಲ್ಲಿ ಹಿಡಿತ ಇರ್ಲಿ. ತನ್ನ ಪಂಥದ ಮೇಲಿನ ಅಭಿಮಾನಕ್ಕೆ ಅದನ್ನ ಹೊಗಳಿ ಬೇರೆಯವ್ರದ್ದನ್ನ ಹಳಿಯೋನು ತನ್ನ ಪಂಥಕ್ಕೇ ಪೆಟ್ಟು ಕೊಡ್ತಾನೆ. ಒಬ್ರು ಇನ್ನೊಬ್ರ ಧರ್ಮ ಕೇಳ್ಬೇಕು. ಸಮವಾಯನೇ ಒಳ್ಳೇದು, ಅಂದ್ರೆ ಒಟ್ಟಿಗೆ ಕೂಡಿ ಇರೋದು. ಈ 12ನೇ ಶಾಸನನೂ ಸನ್ನತಿ ಕಲ್ಲಿನ ಮೇಲೆ ಐತೆ.

ಸುಧಾರಣೆ ಎಲ್ಲಿ ಕಾಣುತ್ತೆ ಅಂದ್ರೆ 9ನೇ ಶಾಸನದಲ್ಲಿ. ಜನ ಕಾಯಿಲೆ ಬಂದ್ರೆ, ಮದುವೆ ಆದ್ರೆ, ಮಗು ಹುಟ್ಟಿದ್ರೆ, ಪ್ರಯಾಣ ಹೊರಟ್ರೆ ಏನೇನೋ ಮಂಗಳ ಕಾರ್ಯ ಮಾಡಿಸ್ತಾರೆ, ಮಾಡಿಸ್ಲಿ, ಆದ್ರೆ ಅದಕ್ಕೆ ಫಲ ಕಮ್ಮಿ. ಫಲ ಕೊಡೋ ಮಂಗಳ ಅಂದ್ರೆ ದಾಸರ, ಆಳುಗಳ ಜೊತೆ ಸರಿಯಾಗಿ ನಡ್ಕೊಳ್ಳೋದು, ಗುರುಹಿರಿಯರಿಗೆ ಗೌರವ, ಪ್ರಾಣಿಗಳ ವಿಷಯದಲ್ಲಿ ಸಂಯಮ, ಶ್ರಮಣರಿಗೂ ಬ್ರಾಹ್ಮಣರಿಗೂ ದಾನ. ಅಲ್ಲಿ ಹೆಂಗಸರು ಜಾಸ್ತಿ ಇಂಥಾ ಆಚರಣೆ ಮಾಡ್ತಾರೆ ಅಂತಾನೂ ಹೇಳ್ತಾನೆ, ಆ ಮಾತು ನನಗೆ ಹಿಡಿಸ್ಲಿಲ್ಲ, ನಮ್ಮ ಮನೆಗಳಲ್ಲಿ ಖರ್ಚಿನ ಹೋಮ ಮಾಡಿಸೋರು ಗಂಡಸರೇ ಜಾಸ್ತಿ.

ಪ್ರಾಣಿ ಬಲಿ ನಿಲ್ಲಿಸಿದ್ನಾ?

1ನೇ ಶಾಸನದಲ್ಲಿ ಬಲಿ ಬೇಡ ಅಂತ ಐತೆ. ಮೊದ್ಲು ಅರಮನೆ ಅಡುಗೆಮನೆಲಿ ದಿನಕ್ಕೆ ಲಕ್ಷಗಟ್ಲೆ ಪ್ರಾಣಿ ಕಡೀತಿದ್ರಂತೆ, ಈಗ ಎರಡು ನವಿಲು ಒಂದು ಜಿಂಕೆ, ಜಿಂಕೆನೂ ದಿನಾ ಅಲ್ಲ, ಮುಂದೆ ಅವೂ ಇಲ್ಲ ಅಂತಾನೆ. ತನ್ನ ಅಡುಗೆಮನೆ ಲೆಕ್ಕ ಮೊದ್ಲು ಕೊಟ್ಟ, ಅದು ಮುಖ್ಯ. ನಮ್ಮ ಕಡೆ ಮಾರಿಜಾತ್ರೆ ಬಂದಾಗ ಕೋಣ ಬಲಿ ಗಲಾಟೆ ಆಗುತ್ತಲ್ಲ, ಪೊಲೀಸ್ ಬಂದೋಬಸ್ತ್ ಹಾಕಿದ್ರೂ ರಾತ್ರೋರಾತ್ರಿ ನಡೆದೋಗಿರುತ್ತೆ. ಬರೀ ಆಜ್ಞೆಯಿಂದ ಆಗೋ ಕೆಲ್ಸ ಅಲ್ಲ ಅಂತ ಅಶೋಕನೂ ಕೊನೆಗಾಲಕ್ಕೆ ಹೇಳಿದಾನೆ, ನಿಯಮಕ್ಕಿಂತ ಮನವೊಲಿಸೋದ್ರಿಂದಲೇ ಧರ್ಮ ಹೆಚ್ಚು ಬೆಳೀತು ಅಂತ.

ದೇವಾನಾಂಪ್ರಿಯ ಅಂದ್ರೆ?

ದೇವರುಗಳಿಗೆ ಪ್ರಿಯನಾದೋನು. ಶಾಸನಗಳಲ್ಲಿ ರಾಜ ತನ್ನನ್ನ ಕರ್ಕೊಳ್ಳೋ ಬಿರುದು ಇದು. ಅಶೋಕ ಅನ್ನೋ ಹೆಸರು ಸೇರಿಸಿ ಬರೆದಿರೋ ಶಾಸನ ಮೊದ್ಲು ಸಿಕ್ಕಿದ್ದು ನಮ್ಮ ರಾಜ್ಯದ ಮಸ್ಕಿಯಲ್ಲಿ, 1915ರಲ್ಲಿ. ಅಲ್ಲೀವರ್ಗೂ ದೇವಾನಾಂಪ್ರಿಯನೇ ಅಶೋಕ ಅನ್ನೋಕೆ ಕಲ್ಲಿನ ಸಾಕ್ಷಿ ಇರ್ಲಿಲ್ಲ.

ರಾಜ ದೈವಭಕ್ತ ಆಗಿದ್ರೆ ನ್ಯಾಯ ತಾನಾಗೇ ಬರುತ್ತೆ ಅಂತೀರಾ? ಬಸವಣ್ಣನವ್ರ ಕಾಲದಲ್ಲಿ ಏನಾಯ್ತು ಗೊತ್ತಲ್ಲ.

ದಾವಣಗೆರೆಯವ್ರು ತಪ್ಪದೇ ಕೇಳೋ ಪ್ರಶ್ನೆ. ಇಲ್ಲ, ತಾನಾಗೇ ಬರಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಸುಧಾರಣೆ ಹುಟ್ಟಿದ್ದು ಶರಣರಿಂದ, ಕಾಯಕದ ಜನರಿಂದ. ಬಸವಣ್ಣನವ್ರು ಬಿಜ್ಜಳನ ಆಸ್ಥಾನದಲ್ಲೇ ಇದ್ರು, ಆದ್ರೆ ದಂಡ ಬಿಜ್ಜಳನ ಕೈಲಿತ್ತು. ಸಮಗಾರ ಹರಳಯ್ಯನವ್ರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ಆಯ್ತು ಅಂತ ಹರಳಯ್ಯ, ಮಧುವರಸರಿಗೆ ಎಳೆಹೂಟೆ (ಆನೆ ಕಾಲಿಗೆ ಕಟ್ಟಿ ಎಳೆಸೋದು) ಶಿಕ್ಷೆ ಕೊಟ್ರು ಅಂತ ಶರಣ ಪರಂಪರೆ ಹೇಳುತ್ತೆ. ಅಲ್ಲಿ ಧರ್ಮ ಮುಂದೆ ಹೋಯ್ತು, ಕಾನೂನು ಹಿಂದೆ ಉಳೀತು, ನಡುವೆ ಸಿಕ್ಕೋರು ಸತ್ರು. ಅಶೋಕನ ಹತ್ರ ಎರಡೂ ಒಂದೇ ಕೈಲಿತ್ತು, ಅದು ಅನುಕೂಲನೂ ಹೌದು, ಅಪಾಯನೂ ಹೌದು, ಯಾಕಂದ್ರೆ ಆ ಕೈ ಹೋದ್ಮೇಲೆ ಹಿಡಿಯೋರು ಯಾರು?

ಅಶೋಕನನ್ನೂ ಪೂರ್ತಿ ಬಿಳಿ ಮಾಡಿ ತೋರಿಸೋದು ಬೇಡ. ಪಶ್ಚಾತ್ತಾಪ ಪಟ್ಟ ಅದೇ 13ನೇ ಶಾಸನದಲ್ಲಿ ಕಾಡಿನ ಜನಕ್ಕೆ, ಪಶ್ಚಾತ್ತಾಪ ಪಟ್ರೂ ನನಗೆ ಶಕ್ತಿ ಐತೆ, ತಪ್ಪು ಮಾಡಿದ್ರೆ ಸಾಯ್ತೀರಿ ಅನ್ನೋ ಎಚ್ಚರಿಕೆ ಐತೆ. ಕಳಿಂಗನ ವಾಪಸ್ ಕೊಡ್ಲಿಲ್ಲ. ದಾಸರ ಜೊತೆ ಚೆನ್ನಾಗಿರಿ ಅಂದ, ದಾಸ್ಯ ಬೇಡ ಅನ್ಲಿಲ್ಲ. ನಾನು ಅವನನ್ನ ಗೌರವಿಸೋದು ಅವನ ಭಕ್ತಿಗಲ್ಲ, ತನ್ನ ಭಕ್ತಿಯನ್ನ ಅವನು ತೀರ್ಪು ಕೊಡೋ ಅಧಿಕಾರಿಯ ಸಿಟ್ಟಿನವರ್ಗೂ, ಕೈದಿಯ ಮಕ್ಕಳವರ್ಗೂ ತಗೊಂಡು ಹೋದ, ಅದಕ್ಕೆ.

ನಮ್ಮ ಕಡೆ ಮಠದಲ್ಲೂ ನ್ಯಾಯ ತೀರ್ಮಾನ ಮಾಡ್ತಾರಲ್ಲ, ಅದೂ ಇದೇ ಥರಾನಾ?

ಸಿರಿಗೆರೆ ತರಳಬಾಳು ಮಠದಲ್ಲಿ ಸೋಮವಾರ ನಡೆಯೋ ಸದ್ಧರ್ಮ ನ್ಯಾಯಪೀಠದ ಬಗ್ಗೆ ಕೇಳ್ತಾರೆ. ಅಲ್ಲಿ ಜಮೀನು ತಕರಾರು, ಗಂಡ ಹೆಂಡ್ತಿ ಜಗಳ ತಗೊಂಡು ಜನ ಹೋಗ್ತಾರೆ. ಅದು ರಾಜದಂಡ ಅಲ್ಲ, ಎರಡೂ ಕಡೆಯವ್ರು ಒಪ್ಪಿ ಬಗೆಹರಿಸ್ಕೊಳ್ಳೋದು, ಹಂಗಾಗಿ ಅಶೋಕನಿಗೆ ಹೋಲಿಸೋದು ಸರಿಯಾಗಲ್ಲ. ಒಂದು ಮಾತ್ರ ಹೇಳ್ತೀನಿ, ಎದುರಾಎದುರು ಕೂರಿಸಿ ಇಬ್ರ ಮಾತನ್ನೂ ಪೂರ್ತಿ ಕೇಳ್ತಾರೆ ಅನ್ನೋ ನಂಬಿಕೆಗೇ ಜನ ಹೋಗೋದು. ನಮ್ಮಪ್ಪನ ಹೊಲದ ಬದು ತಕರಾರು ಒಂದು ಕಚೇರಿಯಲ್ಲಿ 11 ವರ್ಷ ಇತ್ತು, ಅಷ್ಟೂ ವರ್ಷದಲ್ಲಿ ಯಾರೂ ಅಪ್ಪನನ್ನ ಕೂರಿಸಿ ಏನಾಯ್ತು ಹೇಳಪ್ಪಾ ಅಂತ ಕೇಳಿರ್ಲಿಲ್ಲ, ಅಪ್ಪ ಹೋಗ್ಬಿಟ್ರು, ಆಮೇಲೆ ಆದೇಶ ಬಂತು.

ಇಸಿಲ ಕನ್ನಡ ಪದನಾ?

ಹೌದು ಅಂತ ಕನ್ನಡ ವಿದ್ವಾಂಸ ಡಿ.ಎಲ್. ನರಸಿಂಹಾಚಾರ್ಯರು ವಾದಿಸಿದ್ರು, ಬಾಣ ಎಸೆಯೋದಕ್ಕೆ ಸಂಬಂಧಪಟ್ಟ ಪದ, ಕೋಟೆ ಅನ್ನೋ ಅರ್ಥ ಅಂತ. ಎಲ್ರೂ ಒಪ್ಪಿಲ್ಲ. ನಮ್ಮ ಜನಕ್ಕೆ ಮಾತ್ರ ಕೇಳಿದ್ರೆ ಬಹಳ ಖುಷಿ ಆಗುತ್ತೆ, ನನಗೂ ಆಗುತ್ತೆ.

ಹೋಗೋದು ಹೆಂಗೆ, ಅಲ್ಲಿ ಏನ್ ನೋಡ್ಬೇಕು?

ಚಿತ್ರದುರ್ಗದಿಂದ ಚಳ್ಳಕೆರೆ ಮೇಲೆ ಬಳ್ಳಾರಿ ರೋಡ್ ಹಿಡಿದು ರಾಂಪುರದ ಕಡೆ ಹೋಗ್ಬೇಕು, ಅಶೋಕ ಸಿದ್ದಾಪುರ ಅಂತ ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ. ಸ್ವಂತ ಗಾಡಿ ಇದ್ರೆ ಒಳ್ಳೇದು. ನೀರು, ಟೋಪಿ, ಮಕ್ಕಳಿಗೆ ತಿಂಡಿ ಇಟ್ಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲಲ್ಲಿ ಅಕ್ಷರ ಚೆನ್ನಾಗಿ ಕಾಣ್ತಾವೆ, ಮಧ್ಯಾಹ್ನ ಆದ್ರೆ ಬರೀ ಕಲ್ಲು ಕಾಣುತ್ತೆ. ದಯವಿಟ್ಟು ಅಕ್ಷರದ ಮೇಲೆ ಚಾಕ್‌ಪೀಸ್ ಹಚ್ಚಬೇಡಿ, ನೀರು ಹಾಕಿ ಉಜ್ಜಬೇಡಿ. ಸುತ್ತಮುತ್ತ ಶಿಲಾಯುಗದ, ಬೃಹತ್ ಶಿಲಾ ಸಮಾಧಿಗಳ ಕುರುಹು ಸಿಕ್ಕಿದ ಜಾಗ ಅದು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ್ರು, ಅದಕ್ಕೂ ಮುಂಚೆ ಎಂ.ಎಚ್. ಕೃಷ್ಣ ಅವ್ರು.

ಮಕ್ಕಳಿಗೆ ತಪ್ಪದೇ ಶಾಸನದ ಕೊನೆ ತೋರಿಸಿ. ಕೆತ್ತಿದೋನು ಚಪಡ ಅಂತ ತನ್ನ ಹೆಸರು ಹಾಕಿದಾನೆ, ಅಲ್ಲೀವರ್ಗೂ ಬ್ರಾಹ್ಮಿ, ಆಮೇಲೆ ಲಿಪಿಕಾರನಿಂದ ಅನ್ನೋ ಒಂದು ಪದ ಮಾತ್ರ ಖರೋಷ್ಠಿಯಲ್ಲಿ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯೋದು, ಅದು ನಡೀತಿದ್ದಿದ್ದು ವಾಯವ್ಯದ ಗಾಂಧಾರ ಸೀಮೆಯಲ್ಲಿ. ಅಷ್ಟು ದೂರದ ಲಿಪಿ ಕಲ್ತೋನು ನಮ್ಮ ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತು ಸತ್ಯ ಹೇಳ್ಬೇಕು ಅಂತ ಕೆತ್ತಿ, ಕೆಳಗೆ ಆ ದೂರದ ಸೀಮೆ ಅಕ್ಷರದಲ್ಲಿ ಸಹಿ ಹಾಕಿದಾನೆ. ಹೋದ್ಸಲ ಬಂದಿದ್ದ ಆರನೇ ಕ್ಲಾಸಿನ ಹುಡುಗಿ ಆ ಪದದ ಮೇಲೆ ಗಾಳಿಯಲ್ಲೇ ಬೆರಳಾಡಿಸ್ತಾ ಬಲದಿಂದ ಎಡಕ್ಕೆ ಮೂರು ಸಲ ಬರೆದು ನೋಡಿದ್ಲು.